ಬೆಕ್ಕಿನ ನೆಗಡಿಯೂ ಔಷಧದ ಬಲವೂ

ಕಲಬುರಗಿ ಸೀಮೆಯನ್ನು ತೊಗರಿಯ ಕಣಜವೆಂದು ಕರೆಯುವುದುಂಟು. ಇಲ್ಲಿನ ಕರಿಮಣ್ಣಿನ ಹೊಲಗಳಲ್ಲಿ ಬೆಳೆಯುವ ತೊಗರಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಗರದಿಂದ ಹುಮನಾಬಾದಿನ ಕಡೆಗೆ ಸಾಗುವ ದಾರಿಯಲ್ಲಿ ಸಿಗುವ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಗ ಅದು ತಾಲ್ಲೂಕು ಕೇಂದ್ರವೂ ಆಗಿದೆ. ಧಾನ್ಯವಿರುವಲ್ಲಿಗೆ ಇಲಿ ಬರುತ್ತದೆ. ಇಲಿ ಬಂದಲ್ಲಿ ಬೆಕ್ಕು ಬೇಕಾಗುತ್ತದೆ. ಆದ್ದರಿಂದ ಈ ಸೀಮೆಯ ಬೇಳೆಯ ಗಿರಣಿಗಳಲ್ಲಿಯೂ ಕಿರಾಣಿ ಅಂಗಡಿಗಳಲ್ಲಿಯೂ ಶಹಾಬಾದಿ ಕಲ್ಲು ಹಾಸಿದ ಮನೆಗಳಲ್ಲಿಯೂ ಬೆಕ್ಕು ಹಳೆಯ ಒಕ್ಕಲಿನಂತೆ ಓಡಾಡಿಕೊಂಡಿರುವುದು ಆಶ್ಚರ್ಯವಲ್ಲ.

ಮನುಷ್ಯನು ಬೆಕ್ಕನ್ನು ಹಿಡಿದು ತಂದು ಸಾಕಿದನೆನ್ನುವುದಕ್ಕಿಂತ, ಅವನು ಕೂಡಿಟ್ಟ ಕಾಳಿನ ರಾಶಿಯ ಬಳಿಗೆ ಬೆಕ್ಕು ತಾನಾಗಿಯೇ ಬಂದು ನೆಲೆಸಿತೆನ್ನುವುದು ಹೆಚ್ಚು ಸರಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳಷ್ಟು ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ದೊರೆತಿದೆ. ಅಂದರೆ ಈ ಸಹವಾಸವು ಬಹು ಪ್ರಾಚೀನವಾದುದು. ಸಹವಾಸವೆಂದ ಮೇಲೆ ಸುಖವನ್ನು ಹಂಚಿಕೊಂಡಂತೆ ಕಾಯಿಲೆಯನ್ನೂ ಹಂಚಿಕೊಳ್ಳಬೇಕಾಗುತ್ತದೆ; ಕಾಯಿಲೆಗೆ ಕೊಡುವ ಔಷಧದ ಪರಿಣಾಮವನ್ನೂ ಹಂಚಿಕೊಳ್ಳಬೇಕಾಗುತ್ತದೆ. ಈ ಎರಡನೆಯ ಮಾತು ಬಹು ಜನರ ಗಮನಕ್ಕೆ ಬಂದಿಲ್ಲ.

ಉದಾಹರಣೆಗಾಗಿ ಕಮಲಾಪುರದ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ತೊಗರಿಯ ರಾಶಿ ನಡೆಯುವ ಚಳಿಗಾಲ. ಮನೆಯ ಬೆಕ್ಕು ಒಂದು ಮುಂಜಾನೆ ಮೇಲಿಂದ ಮೇಲೆ ಸೀನತೊಡಗುತ್ತದೆ. ಕಣ್ಣುಗಳಿಂದ ನೀರು ಸುರಿಯುತ್ತದೆ. ಮೂಗಿನಿಂದ ತಿಳಿಯಾದ ಸಿಂಬಳ ಇಳಿಯುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಸಿಂಬಳವು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಬೆಕ್ಕು ಹಾಲಿನ ಬಟ್ಟಲನ್ನು ಮೂಸಿ ನೋಡಿ ಹಿಂದೆ ಸರಿಯುತ್ತದೆ. ಮನೆಯವರಿಗೆ ಕನಿಕರವಾಗುತ್ತದೆ. ಕಳೆದ ತಿಂಗಳು ಮಗುವಿನ ಕೆಮ್ಮಿಗೆಂದು ತಂದ ಗುಳಿಗೆಗಳಲ್ಲಿ ನಾಲ್ಕಾರು ಗೂಡಿನಲ್ಲಿ ಉಳಿದಿವೆ. ಅವುಗಳಲ್ಲಿ ಒಂದನ್ನು ಅರ್ಧ ಮಾಡಿ, ಪುಡಿಗುಟ್ಟಿ, ಹಾಲಿನಲ್ಲಿ ಕಲಸಿ ಬೆಕ್ಕಿಗೆ ಕುಡಿಸುತ್ತಾರೆ. ಮೂರನೆಯ ದಿನ ಬೆಕ್ಕು ಚೇತರಿಸಿಕೊಂಡಂತೆ ಕಾಣುತ್ತದೆ, ಗುಳಿಗೆಯನ್ನು ನಿಲ್ಲಿಸುತ್ತಾರೆ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ, ಇರುವುದೆಲ್ಲ ಮಮತೆಯೇ. ಆದರೆ ಈ ಮಮತೆಯೊಳಗೆ ಅಡಗಿರುವ ಅಪಾಯವನ್ನು ಅರಿಯಬೇಕಾದರೆ, ಬೆಕ್ಕಿನ ಮೂಗಿನಲ್ಲಿ ನಡೆದುದೇನೆಂಬುದನ್ನು ಮೊದಲು ತಿಳಿಯಬೇಕು.

ಬೆಕ್ಕುಗಳ ನೆಗಡಿಗೆ ಬಹುಮಟ್ಟಿಗೆ ಕಾರಣವಾಗುವವು ಎರಡು ವೈರಸ್‌ಗಳು. ಒಂದು ಬೆಕ್ಕಿನ ಹರ್ಪಿಸ್ ವೈರಸ್. ಇನ್ನೊಂದು ಕ್ಯಾಲಿಸಿ ವೈರಸ್. ಮೊದಲನೆಯದು ಕಣ್ಣು ಮೂಗುಗಳನ್ನು ಹೆಚ್ಚಾಗಿ ಪೀಡಿಸುತ್ತದೆ. ಎರಡನೆಯದು ನಾಲಿಗೆಯ ಮೇಲೆ ಹುಣ್ಣುಗಳನ್ನು ಎಬ್ಬಿಸುತ್ತದೆ. ಹರ್ಪಿಸ್ ವೈರಸ್ ಒಮ್ಮೆ ದೇಹವನ್ನು ಹೊಕ್ಕರೆ ನರಗಳ ಗಂಟಿನಲ್ಲಿ ಜೀವನಪರ್ಯಂತ ಅವಿತುಕೊಂಡಿದ್ದು, ಸ್ಥಳ ಬದಲಾವಣೆ, ಹೆರಿಗೆ, ಹೊಸ ಬೆಕ್ಕಿನ ಆಗಮನ ಮೊದಲಾದ ಕಾರಣಗಳಿಂದ ಪ್ರಾಣಿಯು ಬಳಲಿದಾಗ ಮತ್ತೆ ತಲೆಯೆತ್ತುತ್ತದೆ. ಇವೆರಡರ ಜೊತೆಗೆ ನೇರವಾಗಿ ರೋಗ ಉಂಟುಮಾಡಬಲ್ಲ ಮೂರು ಬ್ಯಾಕ್ಟೀರಿಯಗಳೂ ಇವೆ. ಅವು ಬೋರ್ಡೆಟೆಲ್ಲ ಬ್ರಾಂಕಿಸೆಪ್ಟಿಕ, ಕ್ಲಮೈಡಿಯ ಫೆಲಿಸ್ ಮತ್ತು ಮೈಕೋಪ್ಲಾಸ್ಮ ಫೆಲಿಸ್.

ಬೋರ್ಡೆಟೆಲ್ಲದ ಹೆಸರು ಬೆಲ್ಜಿಯಂ ದೇಶದ ವಿಜ್ಞಾನಿ ಜೂಲ್ಸ್ ಬೋರ್ಡೆಯಿಂದ ಬಂದುದು. ಮಕ್ಕಳನ್ನು ಕಾಡುವ ನಾಯಿಕೆಮ್ಮಿನ ಬ್ಯಾಕ್ಟೀರಿಯವನ್ನು ಅವನು ತನ್ನ ಸಹೋದ್ಯೋಗಿ ಝಾಂಗೂನೊಡನೆ 1906ರಲ್ಲಿ ಬೇರ್ಪಡಿಸಿ ತೋರಿಸಿದನು. ಬೆಕ್ಕನ್ನು ಕಾಡುವ ಬೋರ್ಡೆಟೆಲ್ಲವು ಅದರ ಹತ್ತಿರದ ಸಂಬಂಧಿ. ನಾಯಿಗಳಲ್ಲಿ ಗೂಡುಕೆಮ್ಮನ್ನು ಉಂಟುಮಾಡುವುದೂ ಇದೇ. ಕನ್ನಡದ ‘ನಾಯಿಕೆಮ್ಮು’ ಎಂಬ ಮಾತು ಕೆಮ್ಮಿನ ಸದ್ದನ್ನು ನೋಡಿ ಹುಟ್ಟಿದ್ದಾದರೂ, ಮನುಷ್ಯ, ನಾಯಿ, ಬೆಕ್ಕುಗಳ ಕೆಮ್ಮಿನ ನಡುವೆ ನಿಜವಾಗಿಯೂ ಒಂದು ಬಂಧುತ್ವವಿದೆಯೆಂಬುದು ಸ್ವಾರಸ್ಯದ ಸಂಗತಿ.

ಇವಲ್ಲದೆ ಆರೋಗ್ಯವಂತ ಬೆಕ್ಕಿನ ಬಾಯಿ ಮೂಗುಗಳಲ್ಲಿ ಪಾಶ್ಚುರೆಲ್ಲ, ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತಿರುತ್ತವೆ. ವೈರಸ್ ಬಂದು ಮೂಗಿನ ಒಳಪೊರೆಯನ್ನು ಹರಿದಾಗ, ಬೇಲಿ ಮುರಿದ ಹೊಲಕ್ಕೆ ದನಗಳು ನುಗ್ಗುವಂತೆ ಅವೂ ಒಳನುಗ್ಗುತ್ತವೆ. ಸಿಂಬಳ ಹಳದಿಯಾಗುವುದು ಬಹುಮಟ್ಟಿಗೆ ಈ ಹಂತದಲ್ಲಿ. ಹೀಗಿದ್ದರೂ ಹೆಚ್ಚಿನ ಬೆಕ್ಕುಗಳು ಒಂದೆರಡು ವಾರಗಳಲ್ಲಿ ತಮ್ಮ ದೇಹದ ಬಲದಿಂದಲೇ ಗುಣವಾಗುತ್ತವೆ. ಮೇಲೆ ಹೇಳಿದ ಮನೆಯ ಬೆಕ್ಕು ಚೇತರಿಸಿಕೊಂಡದ್ದು ಗುಳಿಗೆಯಿಂದಲ್ಲ, ಕಾಲಕ್ರಮದಿಂದ ಎಂದು ಹೇಳಲು ಸಾಕಷ್ಟು ಕಾರಣವಿದೆ. ಆದರೆ ಯಶಸ್ಸಿನ ಕೀರ್ತಿ ಗುಳಿಗೆಗೆ ಸಲ್ಲುತ್ತದೆ. ಮುಂದಿನ ಸಲವೂ ಅದೇ ಗುಳಿಗೆ ಗೂಡಿನಿಂದ ಹೊರಬರುತ್ತದೆ.

ಗುಳಿಗೆಯಲ್ಲಿದ್ದುದು ಪ್ರತಿಜೀವಕ, ಅಂದರೆ ಜನರ ಬಾಯಲ್ಲಿ ಆಂಟಿಬಯಾಟಿಕ್ ಎನಿಸಿಕೊಂಡಿರುವ ಔಷಧ. ಪ್ರತಿಜೀವಕಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ವೈರಸ್‌ಗಳ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಬ್ಯಾಕ್ಟೀರಿಯಗಳ ಮೇಲೆಯೂ ಪ್ರತಿಯೊಂದು ಔಷಧಕ್ಕೆ ತನ್ನದೇ ಆದ ದಾರಿ ಇದೆ. ಪೆನಿಸಿಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯದ ಕೋಶಭಿತ್ತಿಯ ನಿರ್ಮಾಣವನ್ನು ಕೆಡಿಸುತ್ತವೆ. ಮೈಕೋಪ್ಲಾಸ್ಮಕ್ಕೆ ಕೋಶಭಿತ್ತಿಯೇ ಇಲ್ಲ. ಗೋಡೆಯೇ ಇಲ್ಲದ ಮನೆಗೆ ಕನ್ನ ಕೊರೆಯುವುದು ಹೇಗೆ? ಬೋರ್ಡೆಟೆಲ್ಲವಾದರೋ ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಸಾಮಾನ್ಯವಾಗಿ ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆ. ಹೀಗೆ ಮಗುವಿನ ಕಾಯಿಲೆಗೆ ತಕ್ಕುದಾಗಿದ್ದ ಗುಳಿಗೆ ಬೆಕ್ಕಿನ ಕಾಯಿಲೆಗೆ ಏನೂ ಮಾಡದೆ ಹೋಗಬಹುದು. ಏನೂ ಮಾಡದೆ ಹೋದರೆ ಅಷ್ಟೇ ನಷ್ಟವೆಂದು ಸುಮ್ಮನಿರಬಹುದಾಗಿತ್ತು. ಆದರೆ ಅದು ಬೇರೊಂದು ಕೆಲಸವನ್ನು ಮಾಡಿಯೇ ಮಾಡುತ್ತದೆ.

ಬ್ಯಾಕ್ಟೀರಿಯಗಳು ಹೆಚ್ಚುವ ಬಗೆಯನ್ನು ನೋಡಿದರೆ ಆ ಕೆಲಸವೇನೆಂದು ತಿಳಿಯುತ್ತದೆ. ಅನುಕೂಲವಾದ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆದು ಎರಡಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಗಂಟೆಗಳಲ್ಲಿ ಅವುಗಳ ಸಂಖ್ಯೆ ನೂರು ಕೋಟಿಯನ್ನು ದಾಟುತ್ತದೆ. ಈ ಅಪಾರ ಸಂತತಿಯಲ್ಲಿ ಎಲ್ಲೋ ಒಂದರ ಜೀನಿನಲ್ಲಿ ಆಕಸ್ಮಿಕವಾಗಿ ಸಣ್ಣ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸದಿಂದ ಅದು ಔಷಧವನ್ನು ತಾಳಿಕೊಳ್ಳುವ ಶಕ್ತಿ ಪಡೆದಿದೆಯೆಂದು ಇಟ್ಟುಕೊಂಡರೆ, ಔಷಧವಿಲ್ಲದಿರುವಾಗ ಆ ಶಕ್ತಿಯಿಂದ ಅದಕ್ಕೆ ವಿಶೇಷ ಲಾಭವಿಲ್ಲ; ಕೋಟ್ಯಂತರ ನೆರೆಯವುಗಳ ನಡುವೆ ಅದು ಒಂದಾಗಿ ಉಳಿಯುತ್ತದೆ. ಔಷಧ ಬಂದೊಡನೆ ನೆರೆಯವು ಸಾಯುತ್ತವೆ, ತಾಳಿಕೊಂಡದ್ದು ಬದುಕುತ್ತದೆ, ಬರಿದಾದ ಜಾಗವನ್ನೆಲ್ಲ ಅದರ ಸಂತತಿಯೇ ತುಂಬಿಕೊಳ್ಳುತ್ತದೆ. ಇದೇ ಔಷಧ ನಿರೋಧ. ಇಲ್ಲಿ ನಿರೋಧ ಶಕ್ತಿಯನ್ನು ಪಡೆದದ್ದು ಬೆಕ್ಕಿನ ದೇಹವಲ್ಲ, ಅದರಲ್ಲಿರುವ ಬ್ಯಾಕ್ಟೀರಿಯ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ನಿರೋಧದ ಉಪಾಯಗಳು ಹಲವು. ಕೆಲವು ಬ್ಯಾಕ್ಟೀರಿಯಗಳು ಕಿಣ್ವದಿಂದ ಔಷಧವನ್ನು ಕತ್ತರಿಸುತ್ತವೆ. ಕೆಲವು ಒಳಬಂದ ಔಷಧವನ್ನು ಬಾವಿಯ ನೀರನ್ನು ಪಂಪು ಎತ್ತಿ ಹಾಕುವಂತೆ ಹೊರಕ್ಕೆ ಎತ್ತಿ ಹಾಕುತ್ತವೆ. ಮತ್ತೆ ಕೆಲವು, ಔಷಧವು ಬಂದು ಅಂಟಿಕೊಳ್ಳಬೇಕಾದ ಜಾಗದ ಆಕಾರವನ್ನೇ ಬದಲಿಸುತ್ತವೆ. ಇವೆಲ್ಲಕ್ಕಿಂತ ಚಿಂತೆಗೆ ಕಾರಣವಾದುದು ಇನ್ನೊಂದಿದೆ. ಈ ವಿದ್ಯೆಯ ಜೀನುಗಳು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳ ರೂಪದಲ್ಲಿ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಮತ್ತೊಂದು ಜಾತಿಗೂ ದಾಟಬಲ್ಲವು. ಆದುದರಿಂದ ಬೆಕ್ಕಿನ ಮೂಗಿಗೆಂದು ಕೊಟ್ಟ ಗುಳಿಗೆಯು ಅದರ ಕರುಳಿನಲ್ಲಿರುವ ನಿರಪರಾಧಿ ಬ್ಯಾಕ್ಟೀರಿಯಗಳಿಗೂ ಪಾಠ ಕಲಿಸುತ್ತದೆ. ಆ ಪಾಠವನ್ನು ಅವು ರೋಗಕಾರಕಗಳಿಗೆ ಹೇಳಿಕೊಡುತ್ತವೆ.

ಈ ಎಚ್ಚರಿಕೆ ಹೊಸದೇನಲ್ಲ. ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಬೂಷ್ಟಿನಿಂದ ಪೆನಿಸಿಲಿನ್ನನ್ನು ಕಂಡುಹಿಡಿದನು. ಫ್ಲೋರಿ ಮತ್ತು ಚೈನ್ ಅದನ್ನು ಬಳಕೆಗೆ ಯೋಗ್ಯವಾದ ಔಷಧವನ್ನಾಗಿ ಮಾಡಿದರು. ಪೆನಿಸಿಲಿನ್ ಜನಸಾಮಾನ್ಯರ ಕೈಗೆ ಬರುವುದಕ್ಕೆ ಮೊದಲೇ, 1940ರಲ್ಲಿ, ಅದನ್ನು ನಾಶಮಾಡುವ ಕಿಣ್ವವು ಬ್ಯಾಕ್ಟೀರಿಯದಲ್ಲಿರುವುದನ್ನು ಏಬ್ರಹಾಮ್ ಮತ್ತು ಚೈನ್ ವರದಿ ಮಾಡಿದ್ದರು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆತಾಗ, ಫ್ಲೆಮಿಂಗ್ ತನ್ನ ಭಾಷಣದಲ್ಲಿ ಒಂದು ಕಲ್ಪಿತ ಸಂಸಾರದ ಕಥೆಯನ್ನು ಹೇಳಿದನು. ಗಂಡನಿಗೆ ಗಂಟಲು ನೋವು. ಅವನು ಪೆನಿಸಿಲಿನ್ನನ್ನು ತಾನೇ ಕೊಂಡು ಸಾಕಷ್ಟಿಲ್ಲದ ಪ್ರಮಾಣದಲ್ಲಿ ಸೇವಿಸುತ್ತಾನೆ. ಅವನ ಗಂಟಲಿನ ಜೀವಾಣುಗಳು ಸಾಯದೆ ಬಲಿಯುತ್ತವೆ. ಅವು ಹೆಂಡತಿಗೆ ಅಂಟುತ್ತವೆ. ಆಕೆಗೆ ನ್ಯುಮೋನಿಯ ಬಂದಾಗ ಪೆನಿಸಿಲಿನ್ ಕೆಲಸಮಾಡದೆ ಆಕೆ ಸಾಯುತ್ತಾಳೆ. ಆ ಸಾವಿಗೆ ಹೊಣೆ ಯಾರೆಂಬುದು ಫ್ಲೆಮಿಂಗ್ ಕೇಳಿದ ಪ್ರಶ್ನೆ. ಈ ಕಥೆಯಲ್ಲಿ ಗಂಡನ ಜಾಗದಲ್ಲಿ ಮನೆಯ ಬೆಕ್ಕನ್ನು ಇಟ್ಟು ನೋಡಿದರೆ ವಿಷಯದ ಗಾಂಭೀರ್ಯ ಮನದಟ್ಟಾಗುತ್ತದೆ. ಬೆಕ್ಕು ಮಗುವಿನ ಹಾಸಿಗೆಯಲ್ಲಿ ಮಲಗುತ್ತದೆ. ಅದರ ಕೈಯನ್ನು ನೆಕ್ಕುತ್ತದೆ. ಔಷಧಕ್ಕೆ ಬಗ್ಗದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯವು ಮನೆಯ ಜನರಿಂದ ಸಾಕುಪ್ರಾಣಿಗಳಿಗೂ ಅವುಗಳಿಂದ ಜನರಿಗೂ ದಾಟಿದ ನಿದರ್ಶನಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಮಗುವಿಗೆ ನಾಳೆ ನಿಜವಾಗಿಯೂ ಆ ಔಷಧ ಬೇಕಾದಾಗ ಅದು ಸೋತರೆ, ಗೂಡಿನಲ್ಲಿ ಉಳಿಸಿದ ನಾಲ್ಕು ಗುಳಿಗೆಗಳ ಬೆಲೆ ಬಹಳವಾದೀತು. 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದ ನೇರವಾಗಿ ಸತ್ತವರ ಸಂಖ್ಯೆ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಉಸಿರಿನ ರೋಗವೆಂದರೇನೆಂಬುದನ್ನು ಕಲಬುರಗಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ 10ರಂದು ಈ ನಗರದ ಹಿರಿಯರೊಬ್ಬರು ತೀರಿಕೊಂಡರು. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವೆಂದು ಅದು ದಾಖಲಾಯಿತು. ಕೋವಿಡ್ ವೈರಸಿನಿಂದ ಬರುವ ರೋಗ. ಆದರೂ ಆ ದಿನಗಳಲ್ಲಿ ಭಯದಿಂದ ಅಜಿತ್ರೊಮೈಸಿನ್ ಮೊದಲಾದ ಪ್ರತಿಜೀವಕಗಳ ಬಳಕೆ ದೇಶದೆಲ್ಲೆಡೆ ಹೆಚ್ಚಿತು. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಗಿ, ಆಸ್ಪತ್ರೆಗೆ ಸೇರಿದ ಕೋವಿಡ್ ರೋಗಿಗಳಿಗೆ ಅಜಿತ್ರೊಮೈಸಿನ್ನಿನಿಂದ ಪ್ರಯೋಜನವಾಗಲಿಲ್ಲವೆಂಬುದು ತಿಳಿದುಬಂತು. ಮನುಷ್ಯರ ವಿಷಯದಲ್ಲಿ ಕಲಿತ ಈ ಪಾಠವು ಬೆಕ್ಕಿನ ವಿಷಯಕ್ಕೂ ಅಕ್ಷರಶಃ ಸಲ್ಲುತ್ತದೆ.

ಹಾಗಾದರೆ ಬೆಕ್ಕಿಗೆ ಪ್ರತಿಜೀವಕವನ್ನು ಕೊಡಲೇಬಾರದೆ? ಕೊಡಬೇಕಾದ ಸಂದರ್ಭಗಳೂ ಇವೆ. ಸಾಕುಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ ಅಂತರರಾಷ್ಟ್ರೀಯ ಸಂಘವೊಂದರ ತಜ್ಞರು 2017ರಲ್ಲಿ ಪ್ರಕಟಿಸಿದ ಸೂಚನೆಗಳು ಪಶುವೈದ್ಯರಿಗೆ ಮಾರ್ಗದರ್ಶಕವಾಗಿವೆ. ಬೆಕ್ಕು ಸೀನುತ್ತಿದ್ದರೂ ಲವಲವಿಕೆಯಿಂದಿದ್ದು ಊಟ ಮಾಡುತ್ತಿದ್ದರೆ ಹತ್ತು ದಿನಗಳವರೆಗೆ ಪ್ರತಿಜೀವಕವಿಲ್ಲದೆ ಕಾದು ನೋಡಬಹುದು. ಕೀವಿನಂಥ ಸಿಂಬಳದ ಜೊತೆಗೆ ಜ್ವರ, ಮಂಕು, ಊಟ ಬಿಡುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಮಾತ್ರ ಪ್ರತಿಜೀವಕವನ್ನು ಯೋಚಿಸಬೇಕು. ಆಗ ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್. ಏಕೆಂದರೆ ಅದು ಕೋಶಭಿತ್ತಿಯ ಗೊಡವೆಗೆ ಹೋಗದೆ, ಬ್ಯಾಕ್ಟೀರಿಯದೊಳಗೆ ಪ್ರೋಟೀನು ತಯಾರಾಗುವ ಕೆಲಸವನ್ನೇ ತಡೆಯುತ್ತದೆ. ಮೈಕೋಪ್ಲಾಸ್ಮ, ಕ್ಲಮೈಡಿಯ, ಬೋರ್ಡೆಟೆಲ್ಲ ಮೂರೂ ಸಾಮಾನ್ಯವಾಗಿ ಅದಕ್ಕೆ ಬಗ್ಗುತ್ತವೆ.

ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ವಂಶದ ಮೊದಲ ಔಷಧ ಆರಿಯೊಮೈಸಿನ್. ಅಮೆರಿಕದ ಮಿಸೌರಿ ಸೀಮೆಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅದನ್ನು ಪಡೆದವನು ಬೆಂಜಮಿನ್ ಡಗ್ಗರ್. ಅವನು ಕೆಲಸ ಮಾಡುತ್ತಿದ್ದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಗಳ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಆ ಔಷಧ ಲೋಕಕ್ಕೆ ಪರಿಚಯವಾಯಿತು. ಅದೇ ವರ್ಷ ಸುಬ್ಬರಾಯರು ತೀರಿಕೊಂಡರು. ಅಂಥವರ ದುಡಿಮೆಯಿಂದ ದೊರೆತ ಒಂದೊಂದು ಪ್ರತಿಜೀವಕವೂ ಮಾನವಕುಲದ ಆಸ್ತಿ. ಹೊಸ ವರ್ಗದ ಪ್ರತಿಜೀವಕಗಳು ದೊರೆಯುವುದು ಈಗ ಬಹು ವಿರಳವಾಗಿರುವುದರಿಂದ ಇರುವ ಆಸ್ತಿಯನ್ನು ಹಿತಮಿತವಾಗಿ ಬಳಸುವುದು ಅನಿವಾರ್ಯ.

ಕಾಯಿಲೆ ಹಟ ಹಿಡಿದಾಗ ವೈದ್ಯರು ಊಹೆಯನ್ನು ಬಿಟ್ಟು ಪರೀಕ್ಷೆಗೆ ಮೊರೆಹೋಗುತ್ತಾರೆ. ಹತ್ತಿಯ ಕಡ್ಡಿಯಿಂದ ಮೂಗಿನ ಅಥವಾ ಗಂಟಲಿನ ದ್ರವವನ್ನು ತೆಗೆದು, ಅಗರ್ ಎಂಬ ಪೋಷಕ ಹಾಸಿನ ಮೇಲೆ ಸವರಿ ಬ್ಯಾಕ್ಟೀರಿಯಗಳನ್ನು ಬೆಳೆಸುತ್ತಾರೆ. ಹೀಗೆ ಬೇರ್ಪಡಿಸಿದ ಬ್ಯಾಕ್ಟೀರಿಯವನ್ನು ಇನ್ನೊಂದು ಹಾಸಿನ ಮೇಲೆ ಹರಡಿ, ಬೇರೆ ಬೇರೆ ಔಷಧಗಳನ್ನು ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಒಂದು ರಾತ್ರಿ ಬೆಚ್ಚಗಿಟ್ಟು ನೋಡಿದರೆ, ಫಲಕಾರಿಯಾದ ಔಷಧದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ತಿಳಿಯಾದ ವೃತ್ತವೊಂದು ಕಾಣುತ್ತದೆ. ನಿರೋಧವಿದ್ದರೆ ಬ್ಯಾಕ್ಟೀರಿಯವು ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಮೈಕೋಪ್ಲಾಸ್ಮ, ಕ್ಲಮೈಡಿಯಗಳು ಇಂಥ ಸಾಮಾನ್ಯ ಹಾಸಿನ ಮೇಲೆ ಬೆಳೆಯವು. ಅವನ್ನು ಕಂಡುಹಿಡಿಯಲು ಜೀನಿನ ಪರೀಕ್ಷೆ ಬೇಕು. ಈ ವಿದ್ಯೆಯನ್ನು ಕಲಿತ ಪಶುವೈದ್ಯರನ್ನು ತರಬೇತುಗೊಳಿಸುವ ಕೇಂದ್ರವೂ ಕಮಲಾಪುರಕ್ಕೆ ದೂರವಲ್ಲ. ಹುಮನಾಬಾದನ್ನು ದಾಟಿ ಮುಂದೆ ಸಾಗುವ ದಾರಿ ಸೇರುವ ಬೀದರಿನಲ್ಲಿಯೇ, 2004ರಲ್ಲಿ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಿದೆ.

ಔಷಧಕ್ಕಿಂತ ಮೊದಲು ಬರಬೇಕಾದದ್ದು ಆರೈಕೆ. ಬೆಕ್ಕು ವಾಸನೆಯನ್ನು ಹಿಡಿದು ಊಟ ಮಾಡುವ ಪ್ರಾಣಿ. ಮೂಗು ಕಟ್ಟಿದರೆ ಅದಕ್ಕೆ ಹಸಿವೂ ಕಟ್ಟಿದಂತೆಯೇ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣು ಮೂಗುಗಳನ್ನು ಒರೆಸಬೇಕು. ಆಹಾರವನ್ನು ತುಸು ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಹೆಚ್ಚಿ ತಿನ್ನುವ ಮನಸ್ಸಾಗುತ್ತದೆ. ಕೆಲವು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿಗೆ ಕೇಡಾಗುವುದರಿಂದ ಅಂಥದನ್ನು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಕಾಯಿಲೆಯ ಬೆಕ್ಕನ್ನು ಉಳಿದವುಗಳಿಂದ ಬೇರೆಯಾಗಿಟ್ಟು, ಅದನ್ನು ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳ ವಿರುದ್ಧ ಲಸಿಕೆಯೂ ಇದೆ. ಅದು ಸೋಂಕನ್ನು ಪೂರ್ಣವಾಗಿ ತಡೆಯದಿದ್ದರೂ ಕಾಯಿಲೆಯ ಉಗ್ರತೆಯನ್ನು ಕುಗ್ಗಿಸುತ್ತದೆ.

ಮನುಷ್ಯರ ಜ್ವರದ ಗುಳಿಗೆಯನ್ನು ಮಾತ್ರ ಬೆಕ್ಕಿಗೆ ಎಂದೂ ಕೊಡಬಾರದು. ಪ್ಯಾರಾಸಿಟಮಾಲ್‌ನ ವಿಷವನ್ನು ಕಳೆಯುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅದು ರಕ್ತದ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ಒಂದೇ ಒಂದು ಗುಳಿಗೆಯೂ ಪ್ರಾಣ ತೆಗೆಯಬಲ್ಲದು. ವೈದ್ಯರು ಕೊಟ್ಟ ಡಾಕ್ಸಿಸೈಕ್ಲಿನ್ನನ್ನು ಸಹ ಒಣಗಂಟಲಿಗೆ ನುಂಗಿಸದೆ, ಅದರ ಹಿಂದೆಯೇ ನೀರನ್ನೋ ಆಹಾರವನ್ನೋ ಕೊಡಬೇಕು. ಇಲ್ಲವಾದರೆ ಗುಳಿಗೆಯು ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಔಷಧವನ್ನು ವೈದ್ಯರು ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಬೇಕು. ತಾವಾಗಿ ನಿಲ್ಲಿಸಲೂ ಬಾರದು, ತಾವಾಗಿ ಮುಂದುವರಿಸಲೂ ಬಾರದು. ಉಳಿದ ಗುಳಿಗೆಗಳನ್ನು ಮುಂದಿನ ಸಲಕ್ಕೆಂದು ಕಾಯ್ದಿರಿಸುವುದು ಮಿತವ್ಯಯವಲ್ಲ.

ಸರ್ಕಾರವೂ ಈ ದಿಸೆಯಲ್ಲಿ ಕೆಲವು ಕಟ್ಟುಪಾಡುಗಳನ್ನು ಮಾಡಿದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮದಂತೆ ಕೆಲವು ಪ್ರಬಲ ಪ್ರತಿಜೀವಕಗಳನ್ನು ಮಾರಿದಾಗ ಔಷಧ ವ್ಯಾಪಾರಿಯು ವೈದ್ಯರ ಹಾಗೂ ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಗಳ ಪಟ್ಟಿಯ ಮೇಲೆ ಕೆಂಪು ಗೆರೆಯೊಂದಿರುತ್ತದೆ. ಅದರ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರ 2016ರಲ್ಲಿ ಆರಂಭವಾಯಿತು. ಔಷಧ ನಿರೋಧವನ್ನು ಎದುರಿಸುವ ರಾಷ್ಟ್ರೀಯ ಕಾರ್ಯಯೋಜನೆ 2017ರಲ್ಲಿ ಹೊರಬಂತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪಶುಪಕ್ಷಿಗಳಿಗೆ ಬಳಸುವುದನ್ನು 2019ರಲ್ಲಿ ನಿಷೇಧಿಸಲಾಯಿತು. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಎಂಬ ತಿಳಿವಳಿಕೆ ಈ ಕ್ರಮಗಳ ಹಿಂದಿದೆ.

ಆದರೆ ಯಾವ ಕಾನೂನೂ ಪ್ರತಿ ಮನೆಯ ಗೂಡಿನವರೆಗೆ ಕೈಚಾಚಲಾರದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯದೆಂದು ಭಾವಿಸುತ್ತದೆಯಂತೆ. ಅರ್ಧ ಗುಳಿಗೆಯನ್ನು ಹಾಲಿನಲ್ಲಿ ಕಲಸಿ ಕುಡಿಸುವ ಮನೆಯವರೂ ಅಂಥದೇ ಭ್ರಮೆಯಲ್ಲಿರುತ್ತಾರೆ. ಯಾರ ಕಣ್ಣಿಗೂ ಬೀಳದ ಬ್ಯಾಕ್ಟೀರಿಯಗಳು ಮಾತ್ರ ಅದನ್ನು ಗಮನಿಸುತ್ತಿರುತ್ತವೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಸಭೆ ಸೇರಿ ಎದ್ದುಹೋದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಆ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಸೀನುವ ಬೆಕ್ಕನ್ನು ಕಂಡಾಗ ಗೂಡಿನ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಬೆಚ್ಚಗಿನ ನೀರಿನ ಬಟ್ಟೆಯನ್ನು ಹಿಡಿಯುವವರೇ ಆ ಗಂಟೆಯನ್ನು ಕಟ್ಟಿದವರು.

ಅಭ್ಯಾಸ

1. ಬೆಕ್ಕಿನ ನೆಗಡಿಗೆ ಮುಖ್ಯ ಕಾರಣವಾದ ಎರಡು ವೈರಸ್‌ಗಳಾವುವು? ಅವುಗಳ ಮೇಲೆ ಪ್ರತಿಜೀವಕಗಳು ಏಕೆ ನಿಷ್ಪ್ರಯೋಜಕ?
2. ಪೆನಿಸಿಲಿನ್ ಮೈಕೋಪ್ಲಾಸ್ಮವನ್ನು ಕೊಲ್ಲಲಾರದು, ಕಾರಣವನ್ನು ವಿವರಿಸಿರಿ.
3. ಬ್ಯಾಕ್ಟೀರಿಯಗಳಲ್ಲಿ ಔಷಧ ನಿರೋಧವು ಹೇಗೆ ಹುಟ್ಟಿ ಹರಡುತ್ತದೆ?
4. ಫ್ಲೆಮಿಂಗ್ ಹೇಳಿದ ಕಲ್ಪಿತ ಸಂಸಾರದ ಕಥೆಗೂ ಮನೆಯ ಬೆಕ್ಕಿಗೂ ಇರುವ ಸಂಬಂಧವೇನು?
5. ‘ಉಳಿದ ಗುಳಿಗೆಗಳನ್ನು ಮುಂದಿನ ಸಲಕ್ಕೆಂದು ಕಾಯ್ದಿರಿಸುವುದು ಮಿತವ್ಯಯವಲ್ಲ.’ ಈ ಮಾತನ್ನು ನಿಮ್ಮ ವಾಕ್ಯಗಳಲ್ಲಿ ಸಮರ್ಥಿಸಿರಿ.